ಫ್ರೆಂಚ್ ಇಳಿಜಾರು ಡೆಸ್ಕ್ ಕೊಳ್ಳುವ ಮುನ್ನ ಅದರ ಬೆನ್ನು ನೋಡಿ

ಹಳೇ ಕಾಲದ ಜವಳಿ ಅಂಗಡಿಗಳಲ್ಲಿ ಸಾಹುಕಾರರ ಮುಂದೆ ಒಂದು ಗಲ್ಲಾಪೆಟ್ಟಿಗೆ ಇರುತ್ತಿತ್ತು. ಅದರ ಮುಚ್ಚಳ ಇಳಿಜಾರು. ಮುಚ್ಚಳದ ಮೇಲೆ ಲೆಕ್ಕದ ಪುಸ್ತಕ ಇಟ್ಟು ಬರೆಯುತ್ತಿದ್ದರು, ಮುಚ್ಚಳ ಎತ್ತಿ ಒಳಗೆ ದುಡ್ಡು ಹಾಕುತ್ತಿದ್ದರು. 18ನೇ ಶತಮಾನದ ಫ್ರೆಂಚ್ ಇಳಿಜಾರು ಡೆಸ್ಕ್ ದೂರದಿಂದ ನೋಡಿದರೆ ಅದೇ ಆಕಾರ, ಕಾಲು ಮಾತ್ರ ಉದ್ದ. ಆದರೆ ಅದು ಕೆಲಸ ಮಾಡುವ ರೀತಿ ತಿರುಗುಮುರುಗು. ಗಲ್ಲಾಪೆಟ್ಟಿಗೆಗೆ ಕೀಲು ಮೇಲ್ಗಡೆ, ಫ್ರೆಂಚ್ ಡೆಸ್ಕಿಗೆ ಕೆಳಗಡೆ. ಬೀಗ ತೆಗೆದು ಇಳಿಜಾರು ಹಲಗೆಯನ್ನು ಎಳೆದರೆ ಅದು ನಮ್ಮ ಕಡೆಗೆ ಬಂದು ಮಟ್ಟವಾಗಿ ನಿಲ್ಲುತ್ತದೆ. ಹಲಗೆಯ ಒಳಮೈಯೇ ಬರೆಯುವ ಜಾಗ. ಅದರ ಹಿಂದೆ ಪುಟ್ಟ ಡ್ರಾಯರ್‌ಗಳು, ಕಾಗದ ಇಡುವ ಗೂಡುಗಳು. ಬರೆದು ಮುಗಿದ ಮೇಲೆ ಮಸಿ, ಕಾಗದ ಎಲ್ಲವನ್ನೂ ಹಾಗೇ ಒಳಗೆ ಬಿಟ್ಟು ಮುಚ್ಚಿ ಬೀಗ ಹಾಕಿದರೆ ಮುಗಿಯಿತು.

ಆ ಬೀಗವೇ ಈ ಡೆಸ್ಕಿನ ಜೀವಾಳ. ಫ್ರಾನ್ಸಿನ ರಾಜ 15ನೇ ಲೂಯಿಯ ಕಾಲದಲ್ಲಿ ಪ್ಯಾರಿಸ್ಸಿನ ಸಿರಿವಂತರು ದೊಡ್ಡ ದೊಡ್ಡ ಸಭಾಂಗಣಗಳಿಂದ ಚಿಕ್ಕ, ಬೆಚ್ಚಗಿನ ಕೋಣೆಗಳಿಗೆ ಸರಿದರು. ಪತ್ರ ಬರೆಯುವುದು ದಿನದ ಕೆಲಸವಾಗಿತ್ತು, ಅದರಲ್ಲೂ ಹೆಂಗಸರಿಗೆ. ಮನೆ ತುಂಬ ಆಳುಕಾಳು ಇರುವಾಗ ಅರ್ಧ ಬರೆದ ಪತ್ರವನ್ನು ಬಚ್ಚಿಡಲು ಒಂದು ಜಾಗ ಬೇಕು ಅಲ್ವಾ? ಈ ಡೆಸ್ಕ್ ಹುಟ್ಟಿದ್ದು ಆ ಬೇಡಿಕೆಯಿಂದ. ಫ್ರೆಂಚರು ಇದನ್ನು ಬ್ಯುರೋ ಆಂ ಪಾಂತ್ ಅಥವಾ ಸೆಕ್ರೆಟೇರ್ ಆಂ ಪಾಂತ್ ಎನ್ನುತ್ತಾರೆ. ಹರಾಜಿನ ಪಟ್ಟಿಗಳಲ್ಲಿ ಬ್ಯುರೋ ದೋ ದಾನ್ ಅಂತಲೂ ಕಾಣುತ್ತದೆ. ಕೆಳಗೆ ಕಾಲಿನ ಬದಲು ನೆಲದವರೆಗೂ ದೊಡ್ಡ ಡ್ರಾಯರ್‌ಗಳಿದ್ದರೆ ಅದಕ್ಕೆ ಸ್ಕ್ರಿಬಾಂ ಎನ್ನುವ ರೂಢಿ.

ಹತ್ತಿರದ ನೆಂಟರನ್ನೂ ಗುರುತಿಟ್ಟುಕೊಳ್ಳಿ. ಮಾರುವವರು ಒಮ್ಮೊಮ್ಮೆ ಎಲ್ಲವನ್ನೂ ಒಂದೇ ಹೆಸರಲ್ಲಿ ಕರೆಯುತ್ತಾರೆ. ಮೇಲ್ಮೈ ಚಪ್ಪಟೆ ಇದ್ದರೆ ಅದು ಬ್ಯುರೋ ಪ್ಲಾ. ಬೀರುವಿನ ಬಾಗಿಲಿನ ಹಾಗೆ ನೆಟ್ಟಗೆ ನಿಂತ ಹಲಗೆ ಮುಂದಕ್ಕೆ ಬೀಳುವುದಾದರೆ ಸೆಕ್ರೆಟೇರ್ ಆ ಅಬಾತಾಂ. ದುಂಡಗಿನ ಮುಚ್ಚಳ ಹಿಂದಕ್ಕೆ ಉರುಳಿ ಒಳಗೆ ಸೇರಿಕೊಂಡರೆ ಬ್ಯುರೋ ಆ ಸಿಲಾಂದ್ರ್. ಇದರಲ್ಲಿ ಎಲ್ಲಕ್ಕಿಂತ ಹೆಸರಾದದ್ದು 15ನೇ ಲೂಯಿಗಾಗಿ ಎಬೆನ್ ಎನ್ನುವ ಕುಶಲಿ ಶುರು ಮಾಡಿ, ರೀಸನರ್ ಎನ್ನುವ ಇನ್ನೊಬ್ಬ ಕುಶಲಿ ಮುಗಿಸಿದ ಡೆಸ್ಕ್. 1760ರಲ್ಲಿ ಶುರುವಾಗಿ 1769ರಲ್ಲಿ ಮುಗಿಯಿತು. ಅದು ಈಗ ವರ್ಸಾಯ್ ಅರಮನೆಯಲ್ಲಿದೆ.

ಈ ಸಿಲಾಂದ್ರ್ ಮತ್ತು ಅಬಾತಾಂ ಬಂದದ್ದೇ ಇಳಿಜಾರು ಡೆಸ್ಕ್ ಪ್ಯಾರಿಸ್ಸಿನಲ್ಲಿ ಹಿಂದೆ ಸರಿಯಲು ಕಾರಣ. ಅದರ ಒಳ್ಳೆಯ ಕಾಲ ಸುಮಾರು 1730ರಿಂದ 1760ರವರೆಗೆ. ಕಾಲ ಗುರುತಿಸಲು ಇದೊಂದು ಮುಖ್ಯ ಸುಳಿವು. ಒಳಕ್ಕೆ ಹೊರಕ್ಕೆ ಬಾಗಿದ ಕಾಲು, ಉಬ್ಬಿದ ಪಕ್ಕಗಳು, ನೇರ ಗೆರೆಯೇ ಇಲ್ಲದ ಮೈಕಟ್ಟು ಇದ್ದರೆ 15ನೇ ಲೂಯಿಯ ಶೈಲಿ. ನೇರವಾಗಿ ಕೆಳಕ್ಕೆ ಸಪೂರವಾಗುವ ಕಾಲು, ಉದ್ದುದ್ದ ಗೀರುಗಳು ಇದ್ದರೆ 16ನೇ ಲೂಯಿಯ ಶೈಲಿ. ಎರಡೂ ಬೆರೆತಿದ್ದರೆ ಅದನ್ನು ಟ್ರಾನ್ಸಿಸಿಯಾಂ ಎನ್ನುತ್ತಾರೆ, ಸುಮಾರು 1760ರಿಂದ 1775. ನೇರ ಕಾಲಿನ ಇಳಿಜಾರು ಡೆಸ್ಕ್ ಆ ಕಾಲದ್ದೇ ಇರಬಹುದು, ಆದರೆ ಕಡಿಮೆ. 19ನೇ ಶತಮಾನದ ನಕಲು ಇರುವ ಸಾಧ್ಯತೆ ಜಾಸ್ತಿ.

ಆದರೆ ಶೈಲಿ ಎನ್ನುವುದು ಕಾಲಕ್ಕೆ ಸಾಕ್ಷಿ ಅಲ್ಲ. 3ನೇ ನೆಪೋಲಿಯನ್ನನ ಆಳ್ವಿಕೆಯಲ್ಲಿ, 1852ರಿಂದ 1870ರವರೆಗೆ, 15ನೇ ಲೂಯಿಯ ಆಕಾರಗಳನ್ನು ರಾಶಿ ರಾಶಿ ಮತ್ತೆ ಮಾಡಿದರು. ಆಮೇಲೂ ಅದು ನಿಲ್ಲಲಿಲ್ಲ. ಮುಂದಿನಿಂದ ನೋಡಿದರೆ 1750ರ ಡೆಸ್ಕಿಗೂ 1880ರ ಡೆಸ್ಕಿಗೂ ವ್ಯತ್ಯಾಸ ಕಾಣುವುದೇ ಇಲ್ಲ. ಎಷ್ಟೋ ಸಲ 1880ರದ್ದೇ ಹೆಚ್ಚು ಚೆನ್ನಾಗಿ ಕಾಣುತ್ತದೆ. ಹಾಗಾಗಿ ನನ್ನ ಸಲಹೆ ಒಂದೇ. ಮುಂಭಾಗವನ್ನು ಕಣ್ತುಂಬ ನೋಡಿ ಸಂತೋಷಪಡಿ. ಆಮೇಲೆ ಡೆಸ್ಕನ್ನು ಗೋಡೆಯಿಂದ ಈಚೆಗೆ ಎಳೆಸಿ, ಡ್ರಾಯರ್‌ಗಳನ್ನೆಲ್ಲ ಹೊರಗೆ ತೆಗೆಸಿ, ಒಂದು ಟಾರ್ಚ್ ಹಿಡಿದು ನೆಲದ ಮೇಲೆ ಕೂತುಬಿಡಿ.

ಒಳಗೂಡು ಏನು ಹೇಳುತ್ತದೆ

ಮೊದಲು ಇದರ ಕಟ್ಟಡ ಅರ್ಥವಾಗಬೇಕು. ಪ್ಯಾರಿಸ್ಸಿನಲ್ಲಿ ಮರಗೆಲಸದವರು ಎರಡು ಬಗೆ. ಗಟ್ಟಿ ಮರದಲ್ಲಿ ಕುರ್ಚಿ, ಮಂಚ ಮಾಡುವವರು ಮೆನ್ವಿಸಿಯೇ. ವೀನಿಯರ್, ಅಂದರೆ ಮರದ ತೆಳು ಹಾಳೆ, ಅಂಟಿಸುವ ನಾಜೂಕು ಕೆಲಸದವರು ಎಬೆನಿಸ್ತ್. ಇಳಿಜಾರು ಡೆಸ್ಕ್ ಈ ಎರಡನೆಯವರ ಕೈಕೆಲಸ. ಓಕ್ ಅಥವಾ ಪೈನ್ ಮರದಲ್ಲಿ ಒಳಗೂಡು ಕಟ್ಟಿ, ಅದರ ಮೇಲೆ ದುಬಾರಿ ಮರದ ತೆಳು ಹಾಳೆಗಳನ್ನು ಪ್ರಾಣಿಗಳ ಚರ್ಮ, ಮೂಳೆಯಿಂದ ಕಾಯಿಸಿದ ಅಂಟಿನಿಂದ ಕೂರಿಸುತ್ತಿದ್ದರು.

ನಮ್ಮ ಮೈಸೂರಿನ ಇನ್‌ಲೇ ಕೆಲಸ ನೋಡಿದವರಿಗೆ ಇಲ್ಲಿ ಗೊಂದಲ ಆಗಬಹುದು. ಮೈಸೂರಿನಲ್ಲಿ ಬೀಟೆ ಮರದಲ್ಲಿ ಗುಳಿ ತೋಡಿ, ಆ ಗುಳಿಗೆ ಬೇರೆ ಬಣ್ಣದ ಚೂರುಗಳನ್ನು ಕೂರಿಸುತ್ತಾರೆ. ಪ್ಯಾರಿಸ್ಸಿನ ಮಾರ್ಕೆಟ್ರಿಯಲ್ಲಿ ಗುಳಿ ತೋಡುವುದಿಲ್ಲ. ಹೂವು, ಎಲೆ, ಹಿನ್ನೆಲೆ ಎಲ್ಲವೂ ಒಂದೇ ದಪ್ಪದ ತೆಳು ಹಾಳೆಗಳು. ಅವನ್ನು ಒಂದಕ್ಕೊಂದು ಕೂಡುವಂತೆ ಕತ್ತರಿಸಿ ಪೂರ್ತಿ ಮೈಗೆ ಅಂಟಿಸುತ್ತಾರೆ. ಕೆಳಗಿನ ಓಕ್ ಹೊರಗೆ ಕಾಣುವುದೇ ಇಲ್ಲ.

ಇಲ್ಲೊಂದು ನೆಂಟಸ್ತನವೂ ಇದೆ. ಆ ಕಾಲದ ಡೆಸ್ಕ್‌ಗಳ ಮೇಲೆ ಹೆಚ್ಚಾಗಿ ಕಾಣುವ ಎರಡು ಮರ ಬ್ವಾ ದ ವಿಯೊಲೆತ್ ಮತ್ತು ಬ್ವಾ ದ ರೋಸ್. ಮೊದಲನೆಯದು ನೇರಳೆ ಛಾಯೆಯದು, ಎರಡನೆಯದು ಗುಲಾಬಿ ಗೆರೆಗಳಿರುವುದು. ಎರಡೂ ಬ್ರೆಜಿಲ್‌ನಿಂದ ಬಂದವು. ಎರಡೂ ನಮ್ಮ ಪಶ್ಚಿಮ ಘಟ್ಟದ ಬೀಟೆಯ ಕುಲಕ್ಕೇ, ಅಂದರೆ ಡಾಲ್ಬರ್ಜಿಯಾ ಕುಲಕ್ಕೇ ಸೇರಿದವು. ಬೀಟೆ ನೋಡಿ ಅಭ್ಯಾಸ ಇರುವ ಕಣ್ಣಿಗೆ ಈ ಮರಗಳ ಕಪ್ಪು ಗೆರೆ, ಎಣ್ಣೆ ಹೊಳಪು ಬೇಗ ಪರಿಚಯವಾಗುತ್ತದೆ.

ಈಗ ಪರೀಕ್ಷೆ. ಡ್ರಾಯರಿನ ತಳಭಾಗ, ಡೆಸ್ಕಿನ ಅಡಿ, ಹಿಂದಿನ ಹಲಗೆ ಇವುಗಳ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಕೈಯಿಂದ ಉಜ್ಜುಗೊರಡು ಹೊಡೆದಿದ್ದರೆ ಮೈ ಪೂರ್ತಿ ಸಮ ಇರುವುದಿಲ್ಲ. ಅಗಲವಾದ, ಬಹಳ ಸಣ್ಣ ಏರುತಗ್ಗುಗಳು ಬೆಳಕಿನಲ್ಲಿ ಕಾಣುತ್ತವೆ, ಕಣ್ಣು ಮುಚ್ಚಿ ಬೆರಳಾಡಿಸಿದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಕೈಗರಗಸದ ಗುರುತುಗಳು ನೇರ, ಆದರೆ ಒಂದೇ ಅಂತರದಲ್ಲಿ ಇರುವುದಿಲ್ಲ. ಕಮಾನಿನ ಹಾಗೆ ಬಾಗಿದ ಗೀರುಗಳು ಸಾಲಾಗಿ ಕಂಡರೆ ಅದು ಚಕ್ರಗರಗಸದ ಕೆಲಸ. ಆ ಹಲಗೆ 19ನೇ ಶತಮಾನದ್ದು ಅಥವಾ ಆಮೇಲಿನದು.

ಡ್ರಾಯರಿನ ಮೂಲೆ ನೋಡಿ. ಮುಂದಿನ ಹಲಗೆಯೂ ಪಕ್ಕದ ಹಲಗೆಯೂ ಪಾರಿವಾಳದ ಬಾಲದ ಆಕಾರದ ಡವ್‌ಟೇಲ್ ಹಲ್ಲುಗಳಿಂದ ಕಚ್ಚಿಕೊಂಡಿರುತ್ತವೆ. ಕೈಯಲ್ಲಿ ಕತ್ತರಿಸಿದ ಹಲ್ಲುಗಳು ಒಂದಕ್ಕಿಂತ ಒಂದು ಚೂರು ಬೇರೆ. ಬಡಗಿ ಅಳತೆಗೆ ಎಳೆದ ಗೀರೂ ಅಲ್ಲೇ ಉಳಿದಿರುತ್ತದೆ. ಎಲ್ಲ ಹಲ್ಲೂ ಅಚ್ಚು ಹಾಕಿದಂತೆ ಒಂದೇ ಇದ್ದರೆ ಯಂತ್ರದ್ದು. ಎಲ್ಲ ಡ್ರಾಯರ್‌ಗಳನ್ನೂ ಹೀಗೆ ನೋಡಬೇಕು, ಒಂದನ್ನು ನೋಡಿ ಸುಮ್ನೆ ಬಿಡಬಾರದು. ಒಂದು ಡ್ರಾಯರಿನ ಹಲ್ಲು, ಮರ, ಹಲಗೆಯ ದಪ್ಪ ಉಳಿದವಕ್ಕೆ ಹೊಂದದಿದ್ದರೆ ಅದು ಆಮೇಲೆ ಬಂದ ಡ್ರಾಯರ್.

ಸ್ಕ್ರೂ ಕೂಡ ಸಾಕ್ಷಿ. ಹಳೇ ಸ್ಕ್ರೂಗಳನ್ನು ಕೈಯಲ್ಲಿ ಅರದಿಂದ ಮಾಡುತ್ತಿದ್ದರು. ತಲೆಯ ಗೀರು ನಡುಮಧ್ಯೆ ಇರುವುದಿಲ್ಲ, ತುದಿ ಮೊಂಡು. ಚೂಪು ತುದಿಯ ಸ್ಕ್ರೂ ಬಳಕೆಗೆ ಬಂದದ್ದು 19ನೇ ಶತಮಾನದ ನಡುಭಾಗದಲ್ಲಿ. ನಕ್ಷತ್ರದ ಗುರುತಿನ ಸ್ಕ್ರೂ ಬಂದದ್ದು 1930ರ ದಶಕದಲ್ಲಿ. ಹೊಸ ಸ್ಕ್ರೂ ಇದ್ದ ಮಾತ್ರಕ್ಕೆ ಡೆಸ್ಕ್ ನಕಲಿ ಅಂತ ಅಲ್ಲ. ಇನ್ನೂರೈವತ್ತು ವರ್ಷದಲ್ಲಿ ಯಾರೋ ಕೀಲು ಬದಲಿಸಿರುತ್ತಾರೆ. ಆದರೆ ಎಲ್ಲಿ ನೋಡಿದರೂ ಹೊಸ ಸ್ಕ್ರೂ, ಹಳೇ ತೂತಿನ ಗುರುತು ಒಂದೂ ಇಲ್ಲ ಅಂದರೆ ಯೋಚಿಸಬೇಕು.

ನನಗೆ ಎಲ್ಲಕ್ಕಿಂತ ಇಷ್ಟವಾದ ಪರೀಕ್ಷೆ ಇಳಿಜಾರು ಹಲಗೆಯದು. ಮಾರ್ಕೆಟ್ರಿಯ ಮರಗಳಿಗೆ ಮೊದಲು ತುಂಬ ಗಾಢ ಬಣ್ಣ ಇರುತ್ತಿತ್ತು. ಎಲೆಗಳಿಗೆ ಹಸಿರು ಬಣ್ಣವನ್ನೇ ಹಾಕುತ್ತಿದ್ದರು. ನಾವು ಇಂದು ಕಾಣುವ ಜೇನುಬಣ್ಣ ಬಿಸಿಲು ಮಾಡಿದ ಕೆಲಸ. ಹಲಗೆಯ ಹೊರಮೈ ದಿನಾ ಬೆಳಕು ಕಂಡಿದೆ. ಒಳಗಿನ ಪುಟ್ಟ ಡ್ರಾಯರ್‌ಗಳು ಹೆಚ್ಚು ಹೊತ್ತು ಕತ್ತಲಲ್ಲೇ ಇದ್ದವು. ಹಾಗಾಗಿ ಒಳಗಿನ ಬಣ್ಣ ಹೊರಗಿನದಕ್ಕಿಂತ ಗಾಢವಾಗಿ ಇರಬೇಕು. ಇಳಿಜಾರು ಹಲಗೆ ತೆರೆದಾಗ ಒಳಗೂ ಹೊರಗೂ ಒಂದೇ ಬಣ್ಣ ಕಂಡರೆ ಎರಡರಲ್ಲಿ ಒಂದು. ಒಂದೋ ಹೊರಮೈಯನ್ನು ಚೆನ್ನಾಗಿ ಉಜ್ಜಿ ಹೊಸದು ಮಾಡಿದ್ದಾರೆ, ಇಲ್ಲವೇ ಡೆಸ್ಕಿಗೆ ಅಷ್ಟು ವಯಸ್ಸೇ ಆಗಿಲ್ಲ.

ಉಜ್ಜಿದ್ದರೆ ವೀನಿಯರ್ ಹೇಳುತ್ತದೆ. 18ನೇ ಶತಮಾನದಲ್ಲಿ ಹಾಳೆಗಳನ್ನು ಕೈಗರಗಸದಿಂದ ಕೊಯ್ಯುತ್ತಿದ್ದರು. ದಪ್ಪ ಒಂದರಿಂದ ಎರಡು ಮಿಲಿಮೀಟರ್, ಒಂದೊಂದು ಕಡೆ ಒಂದೊಂದು ರೀತಿ. ಯಂತ್ರದ ಚಾಕುವಿನಿಂದ ಸುಲಿದ ಆಮೇಲಿನ ವೀನಿಯರ್ ಇದಕ್ಕಿಂತ ಬಹಳ ತೆಳು. ಬೀಗದ ತೂತಿನ ಅಂಚು, ಮುರಿದ ಮೂಲೆ, ಡ್ರಾಯರಿನ ಮೇಲ್ತುದಿ ಇಲ್ಲೆಲ್ಲ ದಪ್ಪ ಕಾಣುತ್ತದೆ. ಮಾರ್ಕೆಟ್ರಿ ಹೂವಿನ ಎಸಳುಗಳ ಮೇಲೆ ಸೂಜಿಯಲ್ಲಿ ಕೊರೆದ ಸಣ್ಣ ಗೆರೆಗಳಿರುತ್ತವೆ. ಅವು ಮಾಸಿಹೋಗಿದ್ದರೆ ಮೇಲ್ಮೈಯನ್ನು ಜಾಸ್ತಿ ಉಜ್ಜಿದ್ದಾರೆ. ಬೆಲೆ ಅಲ್ಲಿಗೆ ಇಳಿಯುತ್ತದೆ, ಇಳಿಯಬೇಕು ಕೂಡ.

ಹುಳು ತಿಂದ ಗುರುತನ್ನು ಕಂಡು ಹಲವರು ‘ಹಳೇದು’ ಅಂತ ಖುಷಿಪಡುತ್ತಾರೆ. ಸ್ವಲ್ಪ ತಾಳಿ. ಮರ ಕೊರೆಯುವ ಹುಳು ಹೊರಗೆ ಬರುವಾಗ ಮಾಡುವ ತೂತು ದುಂಡಗೆ, ಸಣ್ಣದು. ಅದರ ಸುರಂಗ ಮರದ ಒಳಗೇ ಇರುತ್ತದೆ. ಮೇಲ್ಮೈಯಲ್ಲಿ ಉದ್ದಕ್ಕೆ ಸೀಳಿದ ಕಾಲುವೆಯ ಹಾಗೆ ಸುರಂಗ ಕಂಡರೆ, ಹುಳು ತಿಂದ ಮೇಲೆ ಯಾರೋ ಆ ಮರವನ್ನು ಕೊಯ್ದಿದ್ದಾರೆ ಅಂತ ಅರ್ಥ. ಅಂದರೆ ಹಳೇ ಮರದಿಂದ ಹೊಸ ಸಾಮಾನು ಮಾಡಿದ್ದಾರೆ. ನಕಲಿ ಮಾಡುವವರು ಹಳೇ ಓಕ್ ಹಲಗೆ ಹುಡುಕಿ ತಂದು ಬಳಸುತ್ತಾರೆ, ಅಲ್ಲಿ ಸಿಕ್ಕಿಬೀಳುವುದು ಹೀಗೆ. ದುಂಡು ತೂತಿನ ಕೆಳಗೆ ಹೊಸದಾಗಿ ಬಿಳಿ ಪುಡಿ ಉದುರಿದ್ದರೆ ಹುಳು ಇನ್ನೂ ಬದುಕಿದೆ. ಔಷಧಿ ಮಾಡಿಸದೆ ಮನೆಯೊಳಗೆ ತರಬೇಡಿ.

ಒಳಗೆ ಇನ್ನೊಂದು ಸೊಗಸಿದೆ. ಎಷ್ಟೋ ಡೆಸ್ಕ್‌ಗಳಲ್ಲಿ ಒಳಗಿನ ನೆಲದ ಒಂದು ಹಲಗೆ ಜಾರುತ್ತದೆ. ಸರಿಸಿದರೆ ಕೆಳಗೆ ಬಾವಿಯಂಥ ಗುಪ್ತ ಜಾಗ. ಹೊಸಬರು ಅದನ್ನು ಕಂಡು ಮರುಳಾಗುತ್ತಾರೆ, ಅದು ಸಹಜ. ಆದರೆ ನಕಲುಗಳಲ್ಲೂ ಅದನ್ನು ಮಾಡುತ್ತಾರೆ. ಗುಪ್ತ ಖಾನೆ ಇದೆ ಎನ್ನುವುದು ವಯಸ್ಸಿಗೆ ಸಾಕ್ಷಿಯಲ್ಲ. ಆ ಖಾನೆಯ ಒಳಮೈಯನ್ನು ನೋಡಿ. ಅದನ್ನು ಯಾರೂ ಚೊಕ್ಕ ಮಾಡಲು ಹೋಗಿರುವುದಿಲ್ಲ. ಉಪಕರಣಗಳ ಗುರುತು, ಒಣಗಿ ಕಂದಿದ ಓಕ್, ಅಲ್ಲಿ ಎಲ್ಲವೂ ಇದ್ದ ಹಾಗೇ ಸಿಗುತ್ತದೆ.

ಕೊನೆಗೆ ಕೀಲು. ತೆರೆದ ಹಲಗೆಯ ಭಾರ ಯಾರು ಹೊರುತ್ತಾರೆ? ಕೆಲವು ಡೆಸ್ಕ್‌ಗಳಲ್ಲಿ ಎರಡು ಕಡೆ ಹೊರಗೆ ಎಳೆಯುವ ಪಟ್ಟಿಗಳಿವೆ. ಕೆಲವದರಲ್ಲಿ ಭಾರವೆಲ್ಲ ಕೀಲಿನ ಮೇಲೆ. ಮೊಣಕೈ ಊರಿ ಬರೆದು ಬರೆದು ಅಲ್ಲಿ ಮರ ಸೀಳುವುದು ಬಹಳ ಸಾಮಾನ್ಯ. ಹಲಗೆ ತೆರೆದು ಮೆಲ್ಲಗೆ ಒತ್ತಿ ನೋಡಿ. ಕಿರ್ರೆಂದರೆ, ಜೋಲಿದರೆ, ಕೀಲಿನ ಸುತ್ತ ಬೇರೆ ಬಣ್ಣದ ತೇಪೆ ಕಂಡರೆ ರಿಪೇರಿ ಖರ್ಚನ್ನು ಲೆಕ್ಕಕ್ಕೆ ಹಿಡಿಯಿರಿ. ಬರೆಯುವ ಜಾಗದ ಚರ್ಮ ಮಾತ್ರ ಹೊಸದಿದ್ದರೆ ಬೇಸರ ಬೇಡ. ಚರ್ಮ ಸವೆಯುವ ವಸ್ತು, ಬದಲಾಗಿರುತ್ತದೆ.

ಮೊಹರು ಇದ್ದರೆ ಸಾಕೇ?

ಪ್ಯಾರಿಸ್ಸಿನ ಮರಗೆಲಸದವರ ಸಂಘ 1743ರಲ್ಲಿ ಹೊಸ ನಿಯಮ ಮಾಡಿತು. ಪಾರ್ಲೆಮಾಂ, ಅಂದರೆ ಪ್ಯಾರಿಸ್ಸಿನ ಉಚ್ಚ ನ್ಯಾಯಾಲಯ, ಅದನ್ನು 1751ರಲ್ಲಿ ನೋಂದಾಯಿಸಿತು. ಅದರಂತೆ ಪ್ರತಿ ಮಾಸ್ಟರ್, ಅಂದರೆ ಸಂಘ ಒಪ್ಪಿದ ಕುಶಲಿ, ತನ್ನ ಹೆಸರಿನ ಕಬ್ಬಿಣದ ಅಚ್ಚನ್ನು ತಾನು ಮಾಡಿದ ಸಾಮಾನಿಗೆ ಒತ್ತಬೇಕು. ಸಂಘದ ತನಿಖೆಯವರು ಒಪ್ಪಿದರೆ ಪಕ್ಕದಲ್ಲಿ ಜೆ.ಎಂ.ಇ. ಎನ್ನುವ ಮೂರಕ್ಷರದ ಮುದ್ರೆ ಬೀಳುತ್ತಿತ್ತು. ಕ್ರಾಂತಿಯ ಕಾಲದಲ್ಲಿ, 1791ರಲ್ಲಿ, ಸಂಘಗಳೇ ರದ್ದಾದವು. ಮೊಹರು ಸಾಮಾನ್ಯವಾಗಿ ಕಣ್ಣಿಗೆ ಬೀಳದ ಜಾಗದಲ್ಲಿ ಇರುತ್ತದೆ, ಡೆಸ್ಕಿನ ಅಡಿಯ ಪಟ್ಟಿಯಲ್ಲಿ ಅಥವಾ ಹಿಂದಿನ ಕಂಬದ ಮೇಲೆ.

ಒಳ್ಳೆಯ ಮೊಹರು ಬೆಲೆಯನ್ನು ಎಷ್ಟೋ ಪಟ್ಟು ಏರಿಸುತ್ತದೆ. ಬಿ.ವಿ.ಆರ್.ಬಿ. ಎನ್ನುವ ನಾಲ್ಕಕ್ಷರ ಅಂಥದ್ದು. ಅದು ಯಾರದ್ದು ಅಂತ 20ನೇ ಶತಮಾನದ ನಡುಭಾಗದವರೆಗೆ ಯಾರಿಗೂ ತಿಳಿದಿರಲಿಲ್ಲ. ಅದು 2ನೇ ಬರ್ನಾರ್ಡ್ ವಾನ್ ರೀಸೆನ್‌ಬರ್ಗ್‌ನದು. ಕೊಂಬೆಯನ್ನು ಅಡ್ಡಲಾಗಿ ಕೊಯ್ದ ಹಾಳೆಗಳಿಂದ ಹೂ ಬಿಡಿಸುವುದು ಅವನ ವಿಶೇಷ. ಎರಡು ಕಡೆ ಎದುರುಬದುರು ಕೂತು ಬರೆಯುವ, ಎರಡು ಇಳಿಜಾರಿನ ಅವನ ಒಂದು ಡೆಸ್ಕ್ ಲಾಸ್ ಏಂಜಲಿಸ್‌ನ ಗೆಟ್ಟಿ ಮ್ಯೂಸಿಯಂನಲ್ಲಿದೆ. ಜಾಕ್ ದ್ಯುಬ್ವಾ, ಮಿಜಿಯೋನ್ ಇವರ ಹೆಸರೂ ಈ ಬಗೆಯ ಡೆಸ್ಕ್‌ಗಳಲ್ಲಿ ಆಗಾಗ ಬರುತ್ತದೆ.

ಆದರೆ ಮೊಹರಿನ ಮೇಲೆ ಪೂರ್ತಿ ಭಾರ ಹಾಕಬೇಡಿ. ಮೊಹರು ಇಲ್ಲ ಅಂದರೆ ನಕಲಿ ಅಂತ ಅಲ್ಲ. 1751ಕ್ಕೆ ಮೊದಲಿನ ಬಹಳಷ್ಟು ಡೆಸ್ಕ್‌ಗಳಿಗೆ ಮೊಹರೇ ಇಲ್ಲ. ರಾಜನ ಆಶ್ರಯದ ಕುಶಲಿಗಳೂ ಸೇಂಟ್ ಆಂತ್ವಾನ್ ಬಡಾವಣೆಯ ಸ್ವತಂತ್ರ ಕೆಲಸಗಾರರೂ ಸಂಘದ ಹಿಡಿತದ ಹೊರಗಿದ್ದರು. ಇನ್ನೊಂದು ಕಡೆ, ಮೊಹರು ಇದ್ದರೂ ಅದು ಮಾಡಿದವನದ್ದೇ ಅಂತ ಹೇಳಲಾಗದು. ರಿಪೇರಿ ಮಾಡಿದ ಮಾಸ್ಟರ್ ಒತ್ತಿರಬಹುದು, ಮಾರಿದ ವ್ಯಾಪಾರಿ ಒತ್ತಿರಬಹುದು. ಹೊಸದಾಗಿ ಅಚ್ಚು ಮಾಡಿಸಿ ಒತ್ತುವವರೂ ಇದ್ದಾರೆ. ಹಳೇ ಮೊಹರಿನ ಗುಳಿಯೊಳಗೂ ಸುತ್ತಲ ಮರದಷ್ಟೇ ಕೊಳೆ, ಅಷ್ಟೇ ಕಂದು ಬಣ್ಣ ಇರಬೇಕು. ಅಕ್ಷರದ ಒಳಗೆ ಮರ ತಾಜಾ ಕಂಡರೆ ಮಾತು ನಿಲ್ಲಿಸಿ.

ಇದು ಬರೀ ಬೀದಿ ವ್ಯಾಪಾರದ ಮಾತಲ್ಲ. ವರ್ಸಾಯ್ ಅರಮನೆಯೇ 18ನೇ ಶತಮಾನದ್ದು ಅಂತ ನಂಬಿ ಕೊಂಡಿದ್ದ ಕುರ್ಚಿಗಳು ನಕಲಿ ಅಂತ 2016ರಲ್ಲಿ ಬಯಲಾಯಿತು. ಆ ವಿಷಯದ ದೊಡ್ಡ ಪರಿಣತನೇ ಅದರ ಹಿಂದಿದ್ದ. 2025ರಲ್ಲಿ ಅವನಿಗೆ ಶಿಕ್ಷೆಯೂ ಆಯಿತು. ಮ್ಯೂಸಿಯಂನವರೇ ಮೋಸಹೋಗುವ ಕಡೆ ನಾವು ಇನ್ನಷ್ಟು ನಿಧಾನವಾಗಿ ನೋಡಬೇಕು.

ಮೊಹರಿಗಿಂತ ನನಗೆ ಹೆಚ್ಚು ಪ್ರೀತಿಯ ಗುರುತು ಇನ್ನೊಂದು. 1745ರಿಂದ 1749ರವರೆಗೆ ಫ್ರಾನ್ಸಿನಲ್ಲಿ ತಾಮ್ರ ಬೆರೆತ ಲೋಹಗಳ ಮೇಲೆ ತೆರಿಗೆ ಇತ್ತು. ತೆರಿಗೆ ಕಟ್ಟಿದ ಕಂಚಿನ ಅಲಂಕಾರಗಳ ಮೇಲೆ, ತಲೆ ಮೇಲೆ ಕಿರೀಟ ಇರುವ ಪುಟ್ಟ ಸಿ ಅಕ್ಷರ ಒತ್ತುತ್ತಿದ್ದರು. ಕಾಲಿನ ತುದಿಯ ಕಂಚಿನ ಬೂಟು, ಬೀಗದ ಸುತ್ತಲಿನ ಎಲೆ, ಅಂಚಿನ ಪಟ್ಟಿ ಇವುಗಳ ಮೇಲೆ ಭೂತಗನ್ನಡಿ ಹಿಡಿದು ಹುಡುಕಿ. ಸಿಕ್ಕರೆ ಆ ಕಂಚು ಆ ನಾಲ್ಕು ವರ್ಷಗಳಲ್ಲಿ ಮಾಡಿದ್ದು ಅಥವಾ ಮಾರಾಟವಾದದ್ದು. ಇಲ್ಲೂ ಒಂದು ಎಚ್ಚರಿಕೆ ಇದೆ. ಹಳೇ ಕಂಚಿನಿಂದ ಅಚ್ಚು ತೆಗೆದು ಹೊಸದು ಎರಕ ಹೊಯ್ದರೆ ಸಿ ಅಕ್ಷರವೂ ಜೊತೆಗೇ ಬರುತ್ತದೆ. ಆದರೆ ಅದರ ಅಂಚು ಮೊಂಡಾಗಿ, ಕರಗಿದ ಹಾಗೆ ಕಾಣುತ್ತದೆ. ಒತ್ತಿದ ಮುದ್ರೆ ಚೂಪಾಗಿರುತ್ತದೆ.

ಕಂಚಿನ ಮೇಲಿನ ಚಿನ್ನವೂ ಕಾಲ ಹೇಳುತ್ತದೆ. 18ನೇ ಶತಮಾನದಲ್ಲಿ ಚಿನ್ನವನ್ನು ಪಾದರಸದಲ್ಲಿ ಕಲಸಿ ಹಚ್ಚಿ, ಬೆಂಕಿಯಲ್ಲಿ ಪಾದರಸವನ್ನು ಹಾರಿಸುತ್ತಿದ್ದರು. ಆ ಹೊಗೆ ಕೆಲಸಗಾರರ ಆಯುಷ್ಯ ತಿನ್ನುತ್ತಿತ್ತು. 1840ರ ದಶಕದಿಂದ ವಿದ್ಯುತ್ತಿನಿಂದ ಚಿನ್ನದ ಮುಲಾಮು, ಅಂದರೆ ಲೇಪ, ಹಾಕುವ ರೀತಿ ಬಂತು. ಪಾದರಸದ ಮುಲಾಮು ದಪ್ಪ, ಬೆಚ್ಚನೆಯ ಬಣ್ಣ, ಹೊಳಪು ಮತ್ತು ಮಂಕು ಭಾಗಗಳು ಪಕ್ಕಪಕ್ಕದಲ್ಲಿರುತ್ತವೆ. ವಿದ್ಯುತ್ತಿನದು ಎಲ್ಲ ಕಡೆ ಒಂದೇ ಸಮ. ಸಾಧ್ಯವಾದರೆ ಒಂದು ತುಂಡನ್ನು ಬಿಚ್ಚಿಸಿ ಹಿಂಭಾಗ ನೋಡಿ. ಕೆಳಗಿನ ಮರದಲ್ಲಿ ಬೇರೆ ಆಕಾರದ ನೆರಳು, ಬೇರೆ ಅಂತರದ ತೂತುಗಳು ಕಂಡರೆ ಅಲ್ಲಿ ಮೊದಲು ಬೇರೆ ಅಲಂಕಾರ ಇತ್ತು.

ಮಾತಿನ ನಡುವೆ ಹೇಳಿಬಿಡುತ್ತೇನೆ, 19ನೇ ಶತಮಾನದ ನಕಲುಗಳೆಲ್ಲ ಕೀಳಲ್ಲ. ಲಿಂಕ್, ಸೊರ್ಮಾನಿ, ದಾಸೋಂ, ಬರ್ದಲೇ ಇಂಥ ಪ್ಯಾರಿಸ್ ಕಾರ್ಯಾಗಾರಗಳು ಮಾಡಿದ ಡೆಸ್ಕ್‌ಗಳ ಕೈಕೆಲಸ ಅದ್ಭುತ. ಅವರು ಮೋಸ ಮಾಡಲು ಮಾಡಿದ್ದಲ್ಲ, ಹೆಸರು ಹಾಕಿಯೇ ಮಾರಿದರು. ಸೊರ್ಮಾನಿಯವರ ಹೆಸರು ಹಲವು ಸಲ ಬೀಗದ ತಗಡಿನ ಮೇಲೆ ಕೊರೆದಿರುತ್ತದೆ. ಅವುಗಳ ಬೆಲೆ ಮೊಹರಿಲ್ಲದ 18ನೇ ಶತಮಾನದ ಡೆಸ್ಕಿಗಿಂತ ಹೆಚ್ಚೂ ಆಗಬಹುದು. 19ನೇ ಶತಮಾನದ್ದು ಅಂತ ಹೇಳಿ ಮಾರಿದರೆ ತಪ್ಪೇನೂ ಇಲ್ಲ.

ಹಳ್ಳಿಯ ಡೆಸ್ಕ್, ಬಂದರಿನ ಡೆಸ್ಕ್

ಮೊದಲ ಬಾರಿ ಕೊಳ್ಳುವವರಿಗೆ ನಾನು ಪ್ಯಾರಿಸ್ಸಿನ ಮಾರ್ಕೆಟ್ರಿ ಡೆಸ್ಕ್ ಹೇಳುವುದೇ ಇಲ್ಲ. ಪ್ರಾಂತ್ಯಗಳ ಡೆಸ್ಕ್ ನೋಡಿ ಎನ್ನುತ್ತೇನೆ. ಫ್ರಾನ್ಸಿನ ಊರೂರುಗಳಲ್ಲಿ ಬಡಗಿಗಳು ಇದೇ ಆಕಾರವನ್ನು ವಾಲ್‌ನಟ್, ಚೆರಿ, ಓಕ್ ಮರದಲ್ಲಿ ಗಟ್ಟಿಯಾಗಿ ಮಾಡಿದರು. ವೀನಿಯರ್ ಇಲ್ಲ, ಕಂಚು ಇಲ್ಲ. ಗಟ್ಟಿ ಮರವಾದ್ದರಿಂದ ಬಚ್ಚಿಡಲು ಜಾಗ ಕಡಿಮೆ, ಗುಣದೋಷ ಎಲ್ಲ ಎದುರಿಗೇ ಕಾಣುತ್ತದೆ. ಬೋರ್ಡೋ, ನಾಂತ್, ಲಾ ರೊಶೆಲ್, ಸೇಂಟ್ ಮಾಲೊ ಬಂದರುಗಳ ಸಾಮಾನು ಇನ್ನೊಂದು ಬಗೆ. ಕೆರೀಬಿಯನ್ ದ್ವೀಪಗಳಿಂದ ಹಡಗಿನಲ್ಲಿ ಬಂದ ಗಟ್ಟಿ ಮಹಾಗನಿಯಲ್ಲಿ ಅವನ್ನು ಮಾಡಿದರು. ಆ ಹಡಗುಗಳ ಸಂಪತ್ತಿನ ಹಿಂದೆ ಗುಲಾಮರ ವ್ಯಾಪಾರವಿತ್ತು ಎನ್ನುವುದನ್ನೂ ಮರೆಯಬಾರದು.

ಪ್ರಾಂತ್ಯದ ಡೆಸ್ಕಿನ ಕಾಲ ನಿಖರವಾಗಿ ಹೇಳುವುದು ಕಷ್ಟ. 15ನೇ ಲೂಯಿಯ ಶೈಲಿಯನ್ನು ಹಳ್ಳಿಗಳಲ್ಲಿ 19ನೇ ಶತಮಾನದಲ್ಲೂ ಬಿಡಲಿಲ್ಲ. ಅದರಿಂದ ನಷ್ಟವೇನೂ ಇಲ್ಲ. ದಿನಾ ಕೂತು ಬರೆಯಲು ಬೇಕು ಅಂದರೆ ಇದಕ್ಕಿಂತ ಒಳ್ಳೆಯದು ಸಿಗದು. ಕೂತು ನೋಡುವುದನ್ನು ಮಾತ್ರ ಮರೆಯಬೇಡಿ. ಮೊಣಕಾಲಿಗೆ ಜಾಗ ಇದೆಯಾ, ಹಲಗೆ ಎಷ್ಟು ಎತ್ತರಕ್ಕೆ ಬರುತ್ತದೆ, ಲ್ಯಾಪ್‌ಟಾಪ್ ಹಿಡಿಯುತ್ತದಾ, ಇವೂ ಮುಖ್ಯ.

ಕೊಳ್ಳುವಾಗ

ಫ್ರಾನ್ಸಿನಲ್ಲಿ ಕೊಳ್ಳುವವರಿಗೆ ಒಂದು ದೊಡ್ಡ ರಕ್ಷಣೆ ಇದೆ. 1981ರ ಮಾರ್ಚ್ 3ರ ಸರ್ಕಾರಿ ಆದೇಶ. ಕಲೆ ಮತ್ತು ಹಳೇ ಸಾಮಾನು ಮಾರುವಾಗ ಯಾವ ಪದಕ್ಕೆ ಯಾವ ಹೊಣೆ ಅಂತ ಅದು ನಿಗದಿ ಮಾಡುತ್ತದೆ. ಪಟ್ಟಿಯಲ್ಲಿ ‘ಎಪೊಕ್ ಲೂಯಿ 15’ ಅಂತಿದ್ದರೆ ಅದು ಆ ಕಾಲದಲ್ಲೇ ಆದದ್ದು ಅಂತ ಮಾರುವವರು ಗ್ಯಾರಂಟಿ ಕೊಟ್ಟ ಹಾಗೆ. ಯಾವುದಾದರೂ ಭಾಗ ಆಮೇಲಿನದಾಗಿದ್ದರೆ ಅದನ್ನೂ ಹೇಳಲೇಬೇಕು. ‘ಸ್ತಿಲ್ ಲೂಯಿ 15’ ಅಂತಿದ್ದರೆ ಕಾಲದ ಬಗ್ಗೆ ಯಾವ ಗ್ಯಾರಂಟಿಯೂ ಇಲ್ಲ, ಹೋದ ವರ್ಷ ಮಾಡಿದ್ದೂ ಆಗಬಹುದು. ‘ಅತ್ರಿಬ್ಯೂಯೆ ಆ’ ಅಂತ ಒಬ್ಬ ಮಾಸ್ಟರನ ಹೆಸರಿದ್ದರೆ, ಅವನ ಜೀವಿತಕಾಲದ್ದು, ಅವನದೇ ಇರಬಹುದು ಎನ್ನಲು ಗಟ್ಟಿ ಕಾರಣ ಇದೆ ಅಂತ. ಇಂಥವರ ಮೊಹರು ಇದೆ ಅಂತ ಬರೆದು, ಬೇರೆ ಷರತ್ತು ಹಾಕದಿದ್ದರೆ, ಅವರೇ ಮಾಡಿದ್ದು ಎನ್ನುವ ಗ್ಯಾರಂಟಿ.

ಆದ್ದರಿಂದ ಬಾಯಿಮಾತು ಸಾಲದು. ಬಿಲ್ಲಿನಲ್ಲಿ ‘ಎಪೊಕ್’ ಎನ್ನುವ ಪದ ಬರೆಸಿಕೊಳ್ಳಿ. ಮಾರುವವರು ಮಾತಿನಲ್ಲಿ 18ನೇ ಶತಮಾನ ಎಂದು ಹೇಳಿ ಬಿಲ್ಲಿನಲ್ಲಿ ಬರೆಯಲು ಹಿಂಜರಿದರೆ ನಿಮಗೆ ಉತ್ತರ ಸಿಕ್ಕಿತು.

ಪ್ಯಾರಿಸ್ಸಿನಲ್ಲಿ ಹರಾಜಿಗೆ ಹೆಸರಾದ ಜಾಗ ದ್ರೂಓ. 1852ರಿಂದ ಅದೇ ಜಾಗದಲ್ಲಿದೆ. ಹರಾಜಿಗೆ ಮೊದಲು ಸಾಮಾನನ್ನು ಪ್ರದರ್ಶನಕ್ಕೆ ಇಡುತ್ತಾರೆ, ಯಾರು ಬೇಕಾದರೂ ಒಳಗೆ ಹೋಗಿ ಡ್ರಾಯರ್ ಎಳೆದು ನೋಡಬಹುದು. ಕೊಳ್ಳದಿದ್ದರೂ ಹೋಗಿ, ಕಲಿಯಲು ಅದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಸುತ್ತಿಗೆ ಬಿದ್ದ ಬೆಲೆಯೇ ಕೊನೆಯ ಬೆಲೆ ಅಲ್ಲ, ಅದರ ಮೇಲೆ ಕಾಲು ಭಾಗ ಅಥವಾ ಅದಕ್ಕೂ ಹೆಚ್ಚು ಶುಲ್ಕ ಸೇರುತ್ತದೆ. ಸೇಂಟ್ ಊಆಂನ ಹಳೇ ಸಾಮಾನಿನ ಸಂತೆ, ದಕ್ಷಿಣದ ಲೀಲ್ ಸ್ಯುರ್ ಲಾ ಸೋರ್ಗ್ ಪಟ್ಟಣ ಇವೂ ಸುತ್ತಿ ನೋಡಬೇಕಾದ ಕಡೆಗಳು.

ಬೆಲೆಯ ವಿಷಯದಲ್ಲಿ ಇದು ಕೊಳ್ಳುವವರ ಕಾಲ. ಹಿಂದಿನ ತಲೆಮಾರಿಗೆ ಹೋಲಿಸಿದರೆ ಹಳೇ ಮರದ ಸಾಮಾನಿನ ಬೇಡಿಕೆ ತುಂಬ ಇಳಿದಿದೆ. ಪ್ರಾಂತ್ಯದ ಒಂದು ಪ್ರಾಮಾಣಿಕ ಡೆಸ್ಕ್ ಕೆಲವು ನೂರು ಯೂರೋದಿಂದ ಒಂದೆರಡು ಸಾವಿರ ಯೂರೋ ಒಳಗೆ ಸಿಗಬಹುದು. ದೊಡ್ಡ ಮೊಹರಿನ ಪ್ಯಾರಿಸ್ ಡೆಸ್ಕ್‌ಗಳ ಲೋಕವೇ ಬೇರೆ.

ಅಮೆರಿಕದಲ್ಲಿರುವ ನಮ್ಮವರು ಒಂದು ವಿಷಯ ನೆನಪಿಡಿ. ಅಲ್ಲಿ ‘ಫ್ರೆಂಚ್ ಪ್ರೊವಿನ್ಶಿಯಲ್’ ಎಂದು ಮಾರುವ ಬಹುಪಾಲು ಡೆಸ್ಕ್‌ಗಳು 20ನೇ ಶತಮಾನದ ನಡುಭಾಗದಲ್ಲಿ ಅಲ್ಲಿನ ಕಾರ್ಖಾನೆಗಳು ಮಾಡಿದವು. ಇನ್ನು ಪುದುಚೇರಿಯ ಹಳೇ ಸಾಮಾನಿನ ಅಂಗಡಿಗಳಲ್ಲಿ ‘ಫ್ರೆಂಚ್ ಡೆಸ್ಕ್’ ಅಂತ ತೋರಿಸಿದರೆ ಒಳಗಿನ ಮರ ನೋಡಿ. ಒಳಗೂಡು, ಡ್ರಾಯರಿನ ತಳ ತೇಗದ್ದಾಗಿದ್ದರೆ ಅದು ಇಲ್ಲಿಯೇ, ನಮ್ಮ ಆಚಾರಿಗಳ ಕೈಯಲ್ಲಿ ಆದದ್ದು. ಅದಕ್ಕೂ ಅದರದೇ ಬೆಲೆ ಇದೆ, ಆದರೆ ಪ್ಯಾರಿಸ್ಸಿನ ಬೆಲೆ ಕೊಡಬೇಕಾಗಿಲ್ಲ.

ಯುರೋಪಿನಿಂದ ಭಾರತಕ್ಕೆ ತರುವವರು ಮರದ ಹೆಸರು ತಿಳಿದಿರಬೇಕು. 2017ರ ಜನವರಿಯಿಂದ ಡಾಲ್ಬರ್ಜಿಯಾ ಕುಲದ ಎಲ್ಲ ಮರಗಳೂ ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಹಿಡಿತದಲ್ಲಿವೆ. ಬ್ವಾ ದ ರೋಸ್, ಬ್ವಾ ದ ವಿಯೊಲೆತ್ ಎರಡೂ ಅದರಲ್ಲಿ ಬಂದವು. ಹಳೇ ಸಾಮಾನಿಗೆ ದಾರಿ ಇದೆ, ಆದರೆ ಒಪ್ಪಂದಕ್ಕೆ ಮೊದಲಿನದು ಅಂತ ತೋರಿಸುವ ಕಾಗದ ಬೇಕು. ದುಡ್ಡು ಕೊಡುವ ಮೊದಲೇ ಮಾರುವವರ ಹತ್ತಿರ ಮತ್ತು ಸಾಗಣೆಯವರ ಹತ್ತಿರ ಇದನ್ನು ಕೇಳಿ. ವಾಲ್‌ನಟ್, ಓಕ್ ಡೆಸ್ಕಿಗೆ ಈ ತಲೆನೋವಿಲ್ಲ. ಇನ್ನೊಂದು ಮಾತು. 100 ವರ್ಷಕ್ಕಿಂತ ಹಳೆಯ ವಸ್ತುಗಳನ್ನು ಭಾರತದಿಂದ ಹೊರಗೆ ಕಳಿಸಲು 1972ರ ಪುರಾತನ ವಸ್ತುಗಳ ಕಾಯ್ದೆಯ ನಿರ್ಬಂಧಗಳಿವೆ. ನಾಳೆ ಮತ್ತೆ ವಿದೇಶಕ್ಕೆ ಹೋಗುವ ಯೋಚನೆ ಇದ್ದರೆ ಮೊದಲೇ ಲೆಕ್ಕ ಹಾಕಿ.

ಮನೆಗೆ ಬಂದ ಮೇಲೆ ಅದಕ್ಕೆ ದೊಡ್ಡ ಶತ್ರು ತೇವದ ಏರಿಳಿತ. ಮಳೆಗಾಲದಲ್ಲಿ ಓಕ್ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಮೇಲಿನ ವೀನಿಯರ್ ಎದ್ದು ಬರುತ್ತದೆ. ಮಂಗಳೂರು, ಕಾರವಾರದಂಥ ಕರಾವಳಿ ಊರಿನಲ್ಲಿ ಮಾರ್ಕೆಟ್ರಿ ಡೆಸ್ಕ್ ಇಡುವುದು ನನಗೆ ಒಪ್ಪಿಗೆಯಿಲ್ಲ. ಬೆಂಗಳೂರು, ಮೈಸೂರಿನಲ್ಲಿ ಇಡಬಹುದು, ಬಿಸಿಲು ಬೀಳುವ ಕಿಟಕಿ ಮತ್ತು ಎಸಿಯ ಗಾಳಿ ಎರಡರಿಂದಲೂ ದೂರ. ವೀನಿಯರ್ ಎದ್ದರೆ ಮನೆ ಹತ್ತಿರದ ಬಡಗಿಯಿಂದ ಫೆವಿಕಾಲ್ ಹಾಕಿಸಬೇಡಿ. ಹಳೇ ಅಂಟು ಶಾಖಕ್ಕೂ ತೇವಕ್ಕೂ ಮತ್ತೆ ಬಿಡುತ್ತದೆ, ಹಾಗಾಗಿ ಮುಂದಿನವರು ಬಿಚ್ಚಿ ಸರಿಮಾಡಬಹುದು. ಬಿಳಿ ಅಂಟು ಒಮ್ಮೆ ಹಿಡಿದರೆ ಹಾಳೆಯನ್ನು ಹರಿಯದೆ ಬಿಡಿಸುವುದು ಬಹಳ ಕಷ್ಟ. ಎದ್ದ ಚೂರು ಉದುರಿದರೆ ಎಸೆಯದೆ ಒಂದು ಲಕೋಟೆಯಲ್ಲಿ ಹಾಕಿ, ಯಾವ ಜಾಗದ್ದು ಅಂತ ಬರೆದು, ಡೆಸ್ಕಿನ ಒಳಗೇ ಇಡಿ. ಪ್ರಾಣಿಯ ಅಂಟು ಬಳಸುವ ರಿಪೇರಿಯವರು ಸಿಗುವವರೆಗೆ ಅದು ಅಲ್ಲೇ ಇರಲಿ.